ಕುರಿ ಒದರಿದ ಪಾಠ

ಗುರುಗುಂಟಾದ ಇಂಗ್ಲಿಷ್ ಮೇಷ್ಟ್ರು ಗಾದಿಲಿಂಗ ಆ ದಿನ ಪೇಚಿಗೆ ಸಿಕ್ಕಿದ್ದು ‘ಬ್ಲೀಟ್’ ಎಂಬ ಒಂದೇ ಒಂದು ಪದದಿಂದ. ಹೆಂಡತಿ ಭಾಗ್ಯಶ್ರೀ ಸಿಂಧನೂರಿನಲ್ಲಿ ನರ್ಸು. ವಾರಕ್ಕೊಮ್ಮೆ ಲಿಂಗಸುಗೂರು, ಮಸ್ಕಿ ದಾಟಿ, ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಸಂಸಾರ ಮಾಡುವುದು ಅವನಿಗೆ ಸಾಕುಸಾಕಾಗಿತ್ತು. ಇವತ್ತು ಪಾಠ ನೋಡಲು ಬರುವ ಶಿಕ್ಷಣ ಇಲಾಖೆಯ ಶಿವಕಾಂತ ಸಾಹೇಬರು ಮೆಚ್ಚಿ ಒಂದು ಶಿಫಾರಸು ಬರೆದರೆ ಸಿಂಧನೂರಿಗೆ ವರ್ಗಾವಣೆ ಆದಂತೆಯೇ.

ಸಾಹೇಬರು ಬರುವ ಮೊದಲು ತಾಲೀಮು ನಡೆಯಿತು. “ಬ್ಲೀಟ್ ಅಂದ್ರ ಕುರಿ ಒದರೋದು. ಸಾವಿರ ವರ್ಷದ ಹಿಂದ ಇಂಗ್ಲಿಷ್ ಮಂದಿ ಕುರಿ ದನಿ ಕೇಳಿ, ಅದನ್ನ ಅನುಕರಿಸಿ ಈ ಪದ ಮಾಡ್ಯಾರ. ಸುಮ್ಮಸುಮ್ಮನ ಗೋಳಾಡೋದಕ್ಕೂ ಹಿಂಗಂತಾರ.”

ಕುರಿ ಕಾಯುವ ಮನೆಯ ಅಮರೇಶ್ವರಿ ಎದ್ದು ನಿಂತಳು. “ನಮ್ಮ ಕುರಿ ಹಂಗ ಒದರಂಗಿಲ್ರೀ ಸರ.” ಇಡೀ ತರಗತಿ ಹೌದೆಂದು ತಲೆಯಾಡಿಸಿತು.

ಕೇಳದಿದ್ದರೂ ಸಲಹೆ ಕೊಡುವ ಗಣಿತದ ನಾಸೀರ್ ಮೇಷ್ಟ್ರು ಕಿಟಕಿಯಲ್ಲಿ ತಲೆ ತೂರಿಸಿದರು. “ಒಂದು ಮರಿ ತರಸ್ರೀ. ಸಾಹೇಬ್ರ ಮುಂದ ಅದೇ ಒದರಲಿ.”

ಶಾಲೆಯ ಹಿಂದೆಯೇ ಮುದುಕಮ್ಮನ ಕುರಿದೊಡ್ಡಿ. ಅವಳೇ ಮರಿ ಹೊತ್ತು ತಂದಳು. ಅದು ಮೇಜಿನ ಮೇಲೆ ನಿಂತು ಹಾಜರಿ ಪುಸ್ತಕದ ಮೂಲೆ ತಿಂದಿತೇ ಹೊರತು ಬಾಯಿ ಬಿಡಲಿಲ್ಲ. ಗಾದಿಲಿಂಗ ಮೊಣಕಾಲೂರಿ ತಾನೇ “ಬ್ಯಾ” ಎಂದು ತೋರಿಸಿದ. ಮರಿ ಅವನನ್ನು ಪಾಪ ಎನ್ನುವಂತೆ ನೋಡಿತು.

“ಹೊಟ್ಟಿ ತುಂಬಿದ ಮರಿ ಯಾಕ ಒದರತೈತ್ರೀ?” ಮುದುಕಮ್ಮ ನಕ್ಕಳು. “ತಾಯಿ ದನಿ ಕಿವಿಗೆ ಬೀಳಬೇಕು.”

“ಹಂಗಾರ ಅದರ ತಾಯೀನ ತಗೊಂಡು ಬಾರವ್ವ. ಲಗೂನ.”

ಗೊರೇಬಾಳದ ಭತ್ತದ ಗದ್ದೆಗಳ ನಡುವೆ ಬೆಳೆದ ಗಾದಿಲಿಂಗನಿಗೆ ಕುರಿ ಎಂದೂ ಒಂಟಿಯಾಗಿ ಬರುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಮೇಯಲು ಹೊರಟಿದ್ದ ಹಿಂಡಿನಲ್ಲಿ ಒಂದನ್ನು ತಿರುಗಿಸಿದ್ದೇ ತಡ, ಎಂಬತ್ತೂ ತಿರುಗಿದವು. ದೊಡ್ಡಿಯ ಮರಿಗಳೂ ಬೇಲಿ ಹಾರಿ ಬಂದವು. ಸಾಹೇಬರ ಜೀಪು ಗೇಟಿಗೆ ಬಂದಾಗ ಮಕ್ಕಳು ಬೆಂಚಿನ ಮೇಲೆ, ಕುರಿಗಳು ಬೆಂಚಿನ ಕೆಳಗೆ, ಮೇಷ್ಟ್ರು ಕಿಟಕಿಯ ಕಟ್ಟೆಯ ಮೇಲೆ ಇದ್ದರು.

ಮುದುಕಮ್ಮ ಮಾತ್ರ ನಡುವೆ ಕಣ್ಣು ಮುಚ್ಚಿ ನಿಂತಿದ್ದಳು. “ಇದು ಕೆಂಪಿ, ಮರೀನ ಕರ್ಯಾಕತ್ತೈತಿ. ಇದಕ್ಕ ನೀರಡಿಕಿ ಆಗೇತಿ. ಇದು ಜೀಪಿಗೆ ಹೆದರೇತಿ.” ಅವಳು ಹೇಳಿದಂತೆಯೇ ಆ ಗದ್ದಲದಲ್ಲಿ ಒಂದೊಂದು ಮರಿಯೂ ತನ್ನ ತಾಯಿಯ ದನಿ ಹಿಡಿದು ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು.

ಗಾದಿಲಿಂಗನಿಗೆ ಸಾಹೇಬರು ಬಂದದ್ದೇ ಮರೆತುಹೋಯಿತು. ಮೊಬೈಲಿನಲ್ಲಿ ಒಂದು ಪದದ ಮೂಲ ಹುಡುಕಿ ಹಿಗ್ಗಿದ್ದವನಿಗೆ, ಒಂದು ಒದರಾಟದಲ್ಲಿ ಎಂಬತ್ತು ಮಾತು ಕೇಳುವ ಈ ಹೆಂಗಸಿನ ಮುಂದೆ ಕೈಮುಗಿಯಬೇಕೆನಿಸಿತು. ಕೆಳಗಿಳಿದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟ. “ಈ ಪಾಠ ನೀವ ಮಾಡ್ರೀ ಯವ್ವ. ನಾ ಕೇಳತೀನಿ.”

ಸಾಹೇಬರೂ ಬೆಂಚೇರಿ ಒಂದು ತಾಸು ಕೇಳಿದರು. ಕೊನೆಗೆ ಕಣ್ಣೊರೆಸಿಕೊಂಡರು. “ಇಂಥಾ ಪಾಠ ನಾ ನೋಡೇ ಇಲ್ಲ. ಸಿಂಧನೂರಿಗೆ ಈಗ ಬರದು ಕೊಡತೀನಿ.” ಬರೆದ ಕಾಗದವನ್ನು ಹೆಡ್ಮಾಸ್ತರರ ಕೈಗಿಟ್ಟು ಜೀಪು ಹತ್ತಿದರು.

ಗಾದಿಲಿಂಗ ಅಲ್ಲೇ ಫೋನು ಹಚ್ಚಿದ. “ಭಾಗ್ಯಾ, ಸಿಂಧನೂರಿಗೆ ಆರ್ಡರ್ ಆತು.”

“ಖರೇನ? ಯಾವಾಗ ಬರತೀರಿ?”

ಅಷ್ಟರಲ್ಲಿ ನಾಸೀರ್ ಮೇಷ್ಟ್ರು ಕಾಗದ ಕಸಿದು ಗಟ್ಟಿಯಾಗಿ ಓದತೊಡಗಿದರು. ಶಿಕ್ಷಕರಿಗೆ ಪಾಠ ಹೇಳಲು ಮುದುಕಮ್ಮನವರು ಮೂರು ದಿನ ಸಿಂಧನೂರಿಗೆ ಹೋಗತಕ್ಕದ್ದು. ಗಾದಿಲಿಂಗ ಅವರಂಥ ಶಿಕ್ಷಕರನ್ನು ಕುರಿಗಳಿರುವ ಈ ಊರಿನಿಂದ ಯಾವ ಕಾರಣಕ್ಕೂ ಕದಲಿಸಬಾರದು.

“ಮೂರು ದಿನ ನನ್ನ ಕುರಿ ಯಾರು ನೋಡಬೇಕ್ರೀ?” ಎಂದಳು ಮುದುಕಮ್ಮ. ಎಲ್ಲರೂ ಗಾದಿಲಿಂಗನ ಕಡೆ ನೋಡಿದರು.

ಫೋನಿನಲ್ಲಿ ಭಾಗ್ಯಶ್ರೀ ಇನ್ನೂ ಕೇಳುತ್ತಿದ್ದಳು. “ಹೇಳ್ರೀ, ಏನು ಅಡಿಗಿ ಮಾಡಲಿ?”

“ಮುದುಕಮ್ಮ ಬರತಾಳ,” ಎಂದ ಗಾದಿಲಿಂಗ. “ಆಕೀನ್ನ ಕೇಳಿ ಮಾಡು.”