ಮೂಳೆ ಪೆಟ್ಟಿಗೆಯೂ ಅಜ್ಜಿಯ ಮಡಿಯೂ

‘ನಾನು ಕ್ಷೇಮ’ ಎಂದು ಬರೆಯುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ. ಮೈಸೂರಿನಲ್ಲಿ ಡಾಕ್ಟರಿಕೆ ಓದಲು ಸೇರಿದ ಮೇಲೆ ಹೊಸನಗರದ ಮನೆಗೆ ವಾರಕ್ಕೊಂದು ಕಾರ್ಡು ಹಾಕುತ್ತಿದ್ದೆ. ಜ್ವರ ಬಂದಾಗಲೂ ಕ್ಷೇಮ, ಹಾಸ್ಟೆಲಿನ ಸಾರು ಉಂಡಾಗಲೂ ಕ್ಷೇಮ. ಅಂಗರಚನೆಯಲ್ಲಿ ಫೇಲಾದ ದಿನದ ಕಾರ್ಡಿನಲ್ಲಂತೂ ಆ ಪದದ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಮರುಪರೀಕ್ಷೆಗೆ ಒಂದು ತಿಂಗಳಿತ್ತು. ಅದೂ ಹೋದರೆ ಓದು ಬಿಡುವುದೆಂದು ಯಾರಿಗೂ ಹೇಳದೆ ನಿಶ್ಚಯಿಸಿ, ರಜೆಯೆಂದು ಸುಳ್ಳು ಹೇಳಿ ಊರಿಗೆ ಬಂದೆ. ಜೊತೆಗೆ, ಓದಲೆಂದು ಎರವಲು ತಂದ ಮನುಷ್ಯರ ಮೂಳೆಗಳ ತಗಡಿನ ಪೆಟ್ಟಿಗೆ. ಅದರ ಸದ್ದು ಕೇಳಿ ಬಸ್ಸಿನ ಕಂಡಕ್ಟರು, ‘ಪಾತ್ರೆಯಾ ಅಕ್ಕಾ?’ ಎಂದರು. ಹೂಂ ಎಂದೆ.

ನಮ್ಮಜ್ಜಿಯ ಮಡಿ ಬೀದಿಗೆಲ್ಲ ಗೊತ್ತು. ಬೆಳಗಿನ ಸ್ನಾನವಾದ ಮೇಲೆ ಮೊಮ್ಮಕ್ಕಳೂ ಒಂದು ಮಾರು ದೂರ. ಎರಡನೆಯ ದಿನವೇ ನನ್ನ ಕೋಣೆಯಲ್ಲಿ ಮೂಳೆಗಳ ನಡುವೆ ಅವರ ಕೈಗೆ ಸಿಕ್ಕಿಬಿದ್ದೆ. ಅಜ್ಜಿ ಕೂಗಾಡಲಿಲ್ಲ. ‘ಯಾರ ಮನೆ ಜೀವವೋ, ಪಾಪ’ ಎಂದು ಪಕ್ಕದಲ್ಲೇ ಕೂತರು. ‘ಒಳಗೆ ಕಾಲಿಟ್ಟಾಯ್ತು, ಇನ್ನು ಸ್ನಾನ ತಪ್ಪಿದ್ದಲ್ಲ. ಎಲ್ಲ ತೋರ್ಸು.’

ಅಂದಿನಿಂದ ದಿನವೂ ಪಾಠ, ಆಮೇಲೆ ಅಜ್ಜಿಯ ಎರಡನೇ ಸ್ನಾನ. ಮಣಿಕಟ್ಟಿನ ಮೂಳೆಯೊಂದನ್ನು ಹಿಡಿದು, ‘ಬಟಾಣಿ ಕಾಳಿನ ಹಂಗೇ ಇದ್ಯಲ್ಲೇ!’ ಎಂದರು. ಪುಸ್ತಕದಲ್ಲೂ ಹಾಗೆಯೇ ಇತ್ತು. ನಾನು ತಪ್ಪಿದರೆ, ‘ನಿನ್ನೆ ಇದಕ್ಕೆ ಬೇರೆ ಹೆಸ್ರು ಹೇಳಿದ್ದೆ’ ಎಂದು ಹಿಡಿಯುತ್ತಿದ್ದರು. ಅಜ್ಜಿಗೆ ಓದು ಬಾರದು.

ಒಂದು ದಿನ ಮೂಳೆ ಕೆಳಗಿಟ್ಟು ಕೇಳಿದರು, ‘ರಜೆಗೆ ಬಂದೋರು ಹಿಂಗೆ ಓದ್ತಾರೇನೇ? ಫೇಲಾಗಿದೀಯಾ?’

ಇಲ್ಲ, ಕ್ಷೇಮ ಎನ್ನಲು ಹೋದೆ. ಬಾಯಿಂದ ಬಂದದ್ದು ‘ಹೂಂ’.

‘ಬಾ ಇಲ್ಲಿ. ಹೆಂಗೂ ಮಡಿ ಕೆಟ್ಟಾಗಿದೆ. ನಾನು ನೀರು ಹಾಕ್ಕೊಳೋದ್ರೊಳಗೆ ಎಷ್ಟು ಬೇಕೋ ಅಷ್ಟು ಅತ್ತುಬಿಡು.’

ಆ ಮಡಿಲಲ್ಲಿ ತಲೆಯಿಟ್ಟು ಎಷ್ಟು ವರ್ಷವಾಗಿತ್ತೋ! ಅಜ್ಜಿ ಅಪ್ಪನಿಗೆ ಏನು ಹೇಳಿದರೋ ತಿಳಿಯದು. ತಾಲ್ಲೂಕು ಕಚೇರಿಯಿಂದ ಬಂದ ಅಪ್ಪ ಅಂಗಿ ಕಳಚಿ ಹಿತ್ತಲಿಗೆ ಹೋಗಿ, ಬಚ್ಚಲೊಲೆಗೆ ಎರಡರಷ್ಟು ಸೌದೆ ಒಡೆದರು. ನನ್ನನ್ನು ಏನೂ ಕೇಳಲಿಲ್ಲ. ನಾನು ಯಾರ ಮಗಳೆಂದು ಅನುಮಾನವೇ ಬೇಡ.

ಪಾಸಾದೆ. ಪೆಟ್ಟಿಗೆ ಹಿಂದಿರುಗಿಸಿದೆ. ಮುಂದಿನ ರಜೆಗೆ ಮೂಳೆಗಳಿಂದ ನನಗೆ ಆಗಬೇಕಾದ್ದೇನೂ ಇರಲಿಲ್ಲ. ಆದರೂ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಕಾಡಿ, ಅವಳ ಪೆಟ್ಟಿಗೆ ಎರವಲು ಪಡೆದು ಮನೆಗೆ ಕಾರ್ಡು ಹಾಕಿದೆ:

‘ನಾನು ಕ್ಷೇಮ. ಪೆಟ್ಟಿಗೆ ತರುತ್ತಿದ್ದೇನೆ. ಸೌದೆ ಒಡೆಸಿಡಿ.’