ಬೇವಿನ ಮರಕ್ಕೆ ಬಿಗಿದ ಪದವಿ

ಈ ಬರಹದಲ್ಲಿ ದೋಷಗಳು ಕಂಡುಬಂದರೆ ಓದುಗರು ದಯವಿಟ್ಟು ಕ್ಷಮಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ಆದ್ದರಿಂದ ನನ್ನನ್ನು ತಿದ್ದುವ ಯೋಗ್ಯತೆ ಮನೆಯಲ್ಲಿ ಮತ್ತಾರಿಗೂ ಇಲ್ಲವೆಂಬ ನಂಬಿಕೆಯಲ್ಲಿ ಹಲವು ವರ್ಷ ನೆಮ್ಮದಿಯಿಂದಿದ್ದೆ. ಆ ನೆಮ್ಮದಿಯನ್ನು ಕೆಡಿಸಿದ್ದು ಒಂದು ಬೇವಿನ ಮರ.

ನಾನು ಬಳ್ಳಾರಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಪಾರ್ವತಿನಗರದಲ್ಲಿ ಮನೆ ಮಾಡಿದಾಗ ಅವ್ವ ನಮ್ಮೂರು ಹಚ್ಚೊಳ್ಳಿಯನ್ನು ಬಿಟ್ಟು ನಮ್ಮೊಂದಿಗಿರಲು ಒಪ್ಪಿದ್ದು ನನ್ನ ಮೇಲಿನ ಮಮತೆಯಿಂದಲ್ಲ, ಅಂಗಳದ ಬೇವಿನ ನೆರಳಿನಿಂದ. ಬಳ್ಳಾರಿಯ ಬಿಸಿಲನ್ನು ಬಲ್ಲವರು ಇದನ್ನು ಅವಮಾನವೆಂದು ತಿಳಿಯಲಾರರು. "ಈ ಗಿಡ ಇರೋತನ ನಾನು ಇಲ್ಲಿ ಅದೀನಿ. ಫ್ಯಾನಿನ ಬುಡಕ ಕುಂದ್ರಾಕ ನನ್ನ ಕೈಲಿ ಆಗಂಗಿಲ್ಲ" ಎಂದು ಬಂದ ದಿನವೇ ಕರಾರು ಹಾಕಿದ್ದಳು.

ಅದೇ ಮರಕ್ಕೆ ನನ್ನ ನಾಮಫಲಕ ತೂಗುಹಾಕಲು ಹೊರಟೆ. ಗೇಟಿಗೆ ಹಾಕಬಹುದಿತ್ತು, ಆದರೆ ಬಿ.ಎಸ್ಸಿ., ಬಿ.ಇಡಿ. ಎಂಬುದು ಬೀದಿಯ ತಿರುವಿನಿಂದಲೇ ಕಾಣಬೇಕಲ್ಲವೇ? ಮೊಳೆ ಎತ್ತಿಕೊಂಡೊಡನೆ ಅವ್ವ ತಡೆದಳು. "ಬೇವಿನ ಗಿಡ ಅಂದ್ರ ಅಮ್ಮ. ಅಮ್ಮನ ಮೈಗೆ ಮೊಳಿ ಬಡೀತಿಯೇನು?" ಆಕೆಯ ನಂಬಿಕೆಗೂ ನೋವಾಗಬಾರದು, ಪದವಿಯೂ ಅಲುಗಾಡಬಾರದು. ಕಟ್ಟಡದವರು ಕಬ್ಬಿಣದ ಸರಳು ಬಿಗಿಯುವ ತಂತಿಯನ್ನು ತಂದು, ಕಾಂಡಕ್ಕೆ ನಾಲ್ಕು ಸುತ್ತು ಸುತ್ತಿ, ಇಕ್ಕಳದಿಂದ ತಿರುಚಿ ಬಿಗಿದೆ. ಶಾಸ್ತ್ರ, ವಿಜ್ಞಾನ ಎರಡೂ ಉಳಿದವೆಂದು ಬೀಗಿದೆ.

ಆಮೇಲೆ ಮೂರು ವರ್ಷ ಹತ್ತನೆಯ ತರಗತಿಗೆ ಸಸ್ಯಗಳಲ್ಲಿನ ಸಾಗಾಣಿಕೆಯನ್ನು ನಿಷ್ಠೆಯಿಂದ ಬೋಧಿಸಿದೆ. ಬೇರು ಹೀರಿದ ನೀರನ್ನು ಕ್ಸೈಲಂ ಮೇಲಕ್ಕೆ ಒಯ್ಯುತ್ತದೆ. ಎಲೆ ತಯಾರಿಸಿದ ಆಹಾರವನ್ನು ಫ್ಲೋಯಂ ಬೇರಿಗೆ ತಲುಪಿಸುತ್ತದೆ. ಫ್ಲೋಯಂ ಇರುವುದು ತೊಗಟೆಯ ಒಳಮಗ್ಗುಲಲ್ಲಿ. ತೊಗಟೆಯನ್ನು ಸುತ್ತಲೂ ಹಿಸುಕಿದರೆ ಬೇರು ಉಪವಾಸ ಬೀಳುತ್ತದೆ. ಇಷ್ಟನ್ನು ಹೇಳಿ, ಕೆಂಪು ಸೀಮೆಸುಣ್ಣದಲ್ಲಿ ಅಡಿಗೆರೆ ಎಳೆದು, ಮನೆಗೆ ಬಂದು ಅದೇ ತಂತಿಯ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದೆ.

ಕಂಡುಹಿಡಿದವಳು ಅವ್ವ. "ಲೇ, ಇಲ್ಲಿ ಬಾ. ತಂತಿ ಮ್ಯಾಲೆ ಗಿಡ ಬಾತೈತಿ, ಕೆಳಗ ಸೊರಗೈತಿ. ಈ ಸಲ ಎಲಿನೂ ಸಣ್ಣವು ಬಂದಾವ."

ಮನೆಯಲ್ಲೂ ಗ್ರಾಂಥಿಕವಾಗಿ ಮಾತನಾಡುವ ದುರಭ್ಯಾಸ ನನ್ನದು. "ಎಲೆಗಳು ಹಸಿರಾಗಿಯೇ ಇವೆಯಲ್ಲವ್ವಾ. ನೀರು ಮೇಲೇರುತ್ತಿದೆ ಎಂದರ್ಥ."

"ನೀರು ಏರತೈತಪ್ಪ. ಬೇರಿಗೆ ಉಣ್ಣಾಕ ಏನು ಇಳೀತೈತಿ?"

ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಮೊಳೆಯಾಗಿದ್ದರೆ ಒಂದು ಕಡೆ ಚುಚ್ಚಿ ಸುಮ್ಮನಿರುತ್ತಿತ್ತು, ತಂತಿ ಸುತ್ತಲೂ ಹಿಸುಕುತ್ತಿದೆ ಎಂಬುದು ಆಗ ಹೊಳೆಯಿತು. ಆದರೂ ತಪ್ಪೊಪ್ಪಿಕೊಳ್ಳದೆ, ಪರಿಶೀಲಿಸುತ್ತೇನೆ ಎಂದೆ. ಅವ್ವ ಒಳಗೆ ಹೋಗಿ ಸೀರೆಗಳನ್ನು ಟ್ರಂಕಿಗೆ ಮಡಚಿಡತೊಡಗಿದಳು.

ಆ ಭಾನುವಾರ ಸಿರುಗುಪ್ಪದ ಬಸ್ಸಿಳಿದು ಅಣ್ಣ ಬಂದ. ಹಚ್ಚೊಳ್ಳಿಯಲ್ಲಿ ಭತ್ತ ಬೆಳೆಯುವ ಅವನು ತಿಂಗಳಿಗೊಮ್ಮೆ ನಮಗೆ ಅಕ್ಕಿ ಹೊತ್ತು ತರುತ್ತಾನೆ. ತಂತಿಯನ್ನು ಬಹಳ ಹೊತ್ತು ನೋಡಿದ.

"ಇದನ್ನ ಸಾಲ್ಯಾಗ ಹೇಳ್ತಿಯೇನ್ ಮಾಸ್ತರ?"

"ಹೇಳುತ್ತೇನೆ."

"ಹುಡುಗ್ರು ಪಾಸಾಗ್ತಾರ?"

"ಆಗುತ್ತಾರೆ."

"ಹಂಗಾದ್ರ ಅವ್ರಾಗ ಒಬ್ಬನ್ನ ಮನಿಗಿ ಕರಕೊಂಡು ಬರಬೇಕಿತ್ತು."

ಇಕ್ಕಳದಿಂದ ತಂತಿಯನ್ನು ಮೂರು ಕಡೆ ಕತ್ತರಿಸಿ, ತೊಗಟೆಯೊಳಗೆ ಹೂತದ್ದನ್ನು ಮುಳ್ಳು ತೆಗೆದಂತೆ ತೆಗೆದ. ಹೊರಡುವಾಗ ಖಾಲಿ ಚೀಲ ಮಡಚುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದ: "ನಮ್ಮ ಮನೀದೂ ಇದ ಹಣೆಬರಹ. ಅಕ್ಕಿ ಏರತೈತಿ, ಕೆಳಗ ಏನೂ ಇಳಿಯಂಗಿಲ್ಲ."

ಅವನ ಮಗಳು ಗೌರಿ ಹತ್ತನೆಯ ತರಗತಿಯಲ್ಲಿದ್ದಾಳೆ. ವಿಜ್ಞಾನ ಅವಳಿಗೆ ಕಷ್ಟ. ಸ್ವಲ್ಪ ಹೇಳಿಕೊಡು ಎಂದು ಅಣ್ಣ ಎರಡು ಸಲ ಕೇಳಿದ್ದ. ಸಮಯಾಭಾವವಿದೆ ಎಂದು ನಾನು ಎರಡು ಸಲವೂ ವ್ಯಾಕರಣಶುದ್ಧವಾಗಿ ಉತ್ತರಿಸಿದ್ದೆ.

ಒಂದು ಕೊಂಬೆ ಒಣಗಿತು, ಮರ ಬದುಕಿತು. ಅವ್ವ ಟ್ರಂಕು ಬಿಚ್ಚಿ ನೆರಳಿಗೆ ಮರಳಿದಳು. ಪ್ರತಿ ಭಾನುವಾರ ನಾನು ಹಚ್ಚೊಳ್ಳಿಗೆ ಹೋಗಿ ಗೌರಿಗೆ ಪಾಠ ಹೇಳುತ್ತೇನೆ. ಅಕ್ಕಿಯನ್ನೂ ಈಗ ನಾನೇ ಹೊತ್ತು ತರುತ್ತೇನೆ. ನಾಮಫಲಕ ಅಡುಗೆಮನೆಯ ಅಕ್ಕಿ ಡ್ರಮ್ಮಿಗೆ ಮುಚ್ಚಳವಾಗಿದೆ. ಅಕ್ಷರಗಳ ಬದಿ ಒಳಮುಖವಾಗಿದೆ. ನುಸಿಗಳಾದರೂ ಓದಿಕೊಳ್ಳಲಿ ಎನ್ನುತ್ತಾಳೆ ಅವ್ವ.