ಗುರುವಾರದ ಅಂಕಣವೂ ನನ್ನ ಹೊಟ್ಟೆಯುರಿಯೂ

ಹಾಸನದಲ್ಲಿ ನಾಲ್ಕು ಪುಟದ ದಿನಪತ್ರಿಕೆಯೊಂದಕ್ಕೆ ಸಂಪಾದಕನಾಗಿರುವವನನ್ನು ಮುಖಭಂಗಗಳು ಹುಡುಕಿಕೊಂಡು ಬರುತ್ತವೆ. ನನಗಂತೂ ಹೆಚ್ಚಾಗಿ ಗುರುವಾರವೇ ಬರುತ್ತವೆ. ಗುರುವಾರ ನನ್ನ ಗೆಳೆಯನ ಅಂಕಣದ ದಿನ. ಇಬ್ಬರೂ ಒಂದೇ ವಾರ ವರದಿಗಾರರಾಗಿ ಸೇರಿದವರು. ನಾನು ಸಂಪಾದಕನಾದೆ, ಅವನು ಅಂಕಣಕಾರನಾದ. ಅವನ ಫೋಟೊ ಎರಡನೇ ಪುಟದ ನೆತ್ತಿಯ ಮೇಲೆ ನಗುನಗುತ್ತಾ ಬರುತ್ತದೆ. ನನ್ನ ಹೆಸರು ಕೊನೆಯ ಪುಟದ ಬುಡದಲ್ಲಿ, ಮುದ್ರಕರ ವಿಳಾಸದ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರುತ್ತದೆ. ಇಷ್ಟಾಗಿಯೂ ಅವನು ಒಳ್ಳೆಯವನು. ಅದೂ ನನಗೆ ಹೊಟ್ಟೆಯುರಿಯೇ.

ದೋಸೆ ಹೋಟೆಲಿನಲ್ಲಿ

ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಸೆಟ್ ದೋಸೆ ತಿನ್ನುತ್ತಿದ್ದೆವು. ಪಕ್ಕದ ಟೇಬಲಿನ ಹಿರಿಯರೊಬ್ಬರು ಅವನ ಮುಖವನ್ನೇ ನೋಡಿ ನೋಡಿ, ಕೊನೆಗೆ ಎದ್ದು ಬಂದು ಕೈಮುಗಿದರು. ಗುರುವಾರ ಅವನ ಅಂಕಣ ಓದದೆ ಅವರು ಕಾಫಿ ಮುಟ್ಟುವುದಿಲ್ಲವಂತೆ, ಮೊಮ್ಮಗಳಿಗೂ ಓದಿ ಹೇಳುತ್ತಾರಂತೆ. ಗೆಳೆಯ ಸಂಕೋಚದಿಂದ, ಇವರನ್ನೂ ಮಾತಾಡಿಸಿ ಎಂದು ನನ್ನನ್ನು ತೋರಿಸಿದ. ನೀವೇನು ಮಾಡಿಕೊಂಡಿದ್ದೀರಿ ಎಂದು ಹಿರಿಯರು ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ಸಂಪಾದಕ" ಎಂದೆ.

"ಅದು ಸರಿ ಸಾ, ಸಂಪಾದ್ನೆ ಎಲ್ರೂ ಮಾಡ್ಲೇಬೇಕು," ಎಂದರು ಅವರು. "ಕೆಲ್ಸ ಏನು ಅಂತ ಕೇಳ್ದೆ."

ಕೊನೆಯ ಪ್ಯಾರಾ

ಆ ವಾರದಿಂದ ನಾನು ಅವನ ಅಂಕಣದ ಕೊನೆಯ ಪ್ಯಾರಾ ಕತ್ತರಿಸತೊಡಗಿದೆ. ಜಾಗ ಸಾಲದು ಎಂಬುದು ನೆಪ. ಬರಹ ಮೊಂಡಾಗಿ ನಿಂತರೆ ಜನ ಬೇಸತ್ತು ಬಿಟ್ಟಾರು ಎಂಬುದು ಲೆಕ್ಕಾಚಾರ.

ಎರಡು ತಿಂಗಳಾಗುವಷ್ಟರಲ್ಲಿ ಹೊಳೆನರಸೀಪುರದ ಓದುಗರು ಸೇರಿ ಅವನಿಗೊಂದು ಸನ್ಮಾನ ಇಟ್ಟುಕೊಂಡರು. ನನ್ನನ್ನೂ ಕರೆದಿದ್ದರು, ಅವನನ್ನು ಕರೆತರುವುದಕ್ಕೆ. ಹಳೇಕೋಟೆಯಿಂದ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಒಂದು ಗಂಟೆ ಮಾತಾಡಿದರು. ಈಚೆಗೆ ಇವರ ಬರಹ ಮಾಗಿದೆ, ಮುಗಿಸದೇ ಬಿಡುತ್ತಾರೆ, ಉಳಿದದ್ದನ್ನು ಓದುಗ ತಾನೇ ತುಂಬಿಕೊಳ್ಳಬೇಕು. ಎಲ್ಲಿ ನಿಲ್ಲಿಸಬೇಕೆಂದು ಹೀಗೆ ಬಲ್ಲವರು ಜಿಲ್ಲೆಯಲ್ಲಿ ಮತ್ತೊಬ್ಬರಿಲ್ಲ ಎಂದರು. ಶಾಲು, ಹಾರ, ಮೈಸೂರು ಪೇಟ, ಎಲ್ಲ ಅವನಿಗೇ. ಮುಂದಿನ ಸಾಲಿನಲ್ಲಿ ಕೂತು, ನಾನು ಕತ್ತರಿಸಿದ್ದಕ್ಕೆ ನಾನೇ ಚಪ್ಪಾಳೆ ತಟ್ಟಿದೆ.

ವಾಪಸು ಬರುವಾಗ ಕಾರಿನಲ್ಲಿ ಹಾರ ನನ್ನ ತೊಡೆಯ ಮೇಲಿತ್ತು. ಅವನು ಪೇಟ ತೆಗೆಯುತ್ತಾ ಹೇಳಿದ:

"ಇನ್ಮೇಲೆ ಕೊನೇ ಪ್ಯಾರಾ ನಾನೇ ಬರ್ಯಲ್ಲ ಕಣೋ. ಪಾಪ, ನಿಂಗ್ಯಾಕೆ ತೊಂದ್ರೆ."

ನನ್ನದೂ ಒಂದು ಅಂಕಣ

ಕತ್ತರಿಸಿ ಪ್ರಯೋಜನವಿಲ್ಲ, ಬರೆದೇ ತೋರಿಸಬೇಕೆಂದು ಮಂಗಳವಾರಕ್ಕೆ ನನ್ನದೇ ಅಂಕಣ ಶುರು ಮಾಡಿದೆ. ಜಾಗಕ್ಕಾಗಿ ಆ ದಿನದ ಮಾರುಕಟ್ಟೆ ಧಾರಣೆಯನ್ನು ಎತ್ತಿಹಾಕಿದೆ. ಫೋಟೊಗೆಂದು ಹೊಸ ಶರ್ಟು ಹೊಲಿಸಿದೆ. ಅವನ ಫೋಟೊಗಿಂತ ಒಂದು ಬೆರಳು ಅಗಲವಾಗಿಯೇ ಹಾಕಿಸಿದೆ. ಮೂರು ವಾರ ಯಾರೂ ಏನೂ ಹೇಳಲಿಲ್ಲ. ನಾಲ್ಕನೇ ಮಂಗಳವಾರ ಕೊಣನೂರಿನಿಂದ ರೈತರೊಬ್ಬರು ಕಚೇರಿಗೆ ಫೋನ್ ಮಾಡಿದರು. ಗೆಳೆಯ ಎದುರಿಗೇ ಕೂತಿದ್ದ. ಅವನೂ ಕೇಳಿಸಿಕೊಳ್ಳಲೆಂದು ಫೋನಿನ ದನಿ ಜೋರು ಮಾಡಿದೆ.

"ಸಾ, ಎಲ್ಡ್ನೇ ಪುಟ್ದಲ್ಲಿ ನಿಮ್ ಫೋಟ ಐತಲ್ಲ, ಅದ್ನ ಓದ್ದೆ."

ಹೇಗಿತ್ತು ಎಂದು ಕೇಳಿದೆ.

"ಮ್ಯಾಲಿಂದ ಕೆಳಗಿನ್ ಗಂಟ ಮೂರ್ ಸಲ ಓದ್ದೆ ಸಾ. ಎಲ್ಲೂ ಶುಂಠಿ ರೇಟೇ ಸಿಗ್ನಿಲ್ಲ."

ಚನ್ನರಾಯಪಟ್ಟಣದ ಹೆಂಗಸು

ಹೋದ ವರ್ಷ ಗೆಳೆಯ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಗುರುವಾರದ ಅಂಕಣ ತಪ್ಪಕೂಡದೆಂದು ಮಾಲೀಕರು ಹಟ ಹಿಡಿದರು. ಅವನ ಹೆಸರು, ಅವನ ಫೋಟೊದ ಕೆಳಗೆ ಆ ವಾರ ನಾನು ಬರೆದೆ. ನನ್ನದೆಂದು ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಬರೆದುಬಿಟ್ಟೆ. ಎರಡು ವರ್ಷದ ಹಿಂದೊಮ್ಮೆ ಹೆಂಡತಿ ಚನ್ನರಾಯಪಟ್ಟಣದ ತವರಿಗೆ ಹೋಗಿ ಹತ್ತು ದಿನವಾಗಿತ್ತು. ಭಾನುವಾರ ಮಧ್ಯಾಹ್ನ ಊಟಕ್ಕೆ ಮರೆತು ಎರಡು ತಟ್ಟೆ ಹಾಕಿದೆ. ಎರಡನೆಯದನ್ನು ಎತ್ತಿಡಲು ಮನಸ್ಸೇ ಬರಲಿಲ್ಲ. ಇಷ್ಟೇ ವಿಷಯ.

ಗುರುವಾರ ನನ್ನ ಹೆಂಡತಿ ಅದನ್ನು ಓದಿ ಕಣ್ಣೊರೆಸಿಕೊಂಡಳು. ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಿಮ್ಮ ಗೆಳೆಯರ ಹೆಂಡತಿಯದ್ದೂ ನಮ್ಮೂರೇ ಅಂತ ಗೊತ್ತಿರಲಿಲ್ಲ, ಗಂಡ ಅಂದರೆ ಹೀಗಿರಬೇಕು ನೋಡಿ ಎಂದಳು. ನನಗೆ ತಡೆಯಲಾಗಲಿಲ್ಲ. ಬರೆದವನು ನಾನೇ ಎಂದುಬಿಟ್ಟೆ. ಅವಳು ನನ್ನನ್ನು ಮರುಕದಿಂದ ನೋಡಿದಳು.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಕಣ್ರೀ."

ನಾನು ಬರೆದದ್ದರ ಮೇಲೆ ನನಗೇ ಹೊಟ್ಟೆಯುರಿದದ್ದು ಅದೇ ಮೊದಲು.

ಅಷ್ಟರಲ್ಲಿ ಗೆಳೆಯನ ಫೋನು ಬಂತು. ಅವನ ಹೆಂಡತಿಯ ತವರು ಅರಕಲಗೂಡು. ಈ ಚನ್ನರಾಯಪಟ್ಟಣದವಳು ಯಾರು ಎಂದು ಆಕೆ ಪೇಪರು ಹಿಡಿದು ಕೇಳುತ್ತಿದ್ದಾರೆ, ಕೂಡಲೇ ಬಂದು ನಿಜ ಹೇಳು ಎಂದ. ಹೊರಟೆ. ಸ್ಕೂಟರನ್ನು ನಿಧಾನವಾಗಿಯೇ ಓಡಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಹೋಗಿ, ನಾನೇ ಬರೆದದ್ದಮ್ಮ ಎಂದು ಕೈಬರಹದ ಹಾಳೆಯನ್ನೇ ಮುಂದಿಟ್ಟೆ. ಆಕೆ ಓದಿ ನೋಡಿದರು. ಅಕ್ಷರವೇನೋ ನಿಮ್ಮದೇ ಅಣ್ಣ, ಇವರ ಕೈ ಮುರಿದಿದೆಯಲ್ಲ, ಇವರು ಹೇಳಿದ್ದಾರೆ, ನೀವು ಬರೆದುಕೊಂಡಿದ್ದೀರಿ ಎಂದರು. ಗೆಳೆಯ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗವಚಿಕೊಂಡು ನನ್ನನ್ನೇ ನೋಡುತ್ತಿದ್ದ. ಬೇರೆ ದಾರಿ ಕಾಣದೆ ನನ್ನ ಹೆಂಡತಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಟೀಪಾಯಿಯ ಮೇಲಿಟ್ಟೆ. ಇದು ನಿಮ್ಮವರೇ ಬರೆದದ್ದಾ ಎಂದು ಗೆಳೆಯನ ಹೆಂಡತಿ ಕೇಳಿದರು.

"ನಮ್ಮೆಜಮಾನ್ರಾ? ಛೆ ಛೆ, ಅವ್ರು ಉಂಡ ತಟ್ಟೇನೇ ಎತ್ತಿಡೋರಲ್ಲಮ್ಮ," ಎಂದಳು ಅವಳು.

ಗೆಳೆಯನ ಮುಖ ಬಿಳಿಚಿಕೊಂಡಿತು. ಆಗ ಆತನ ಹೆಂಡತಿ ಹಾಳೆಯನ್ನು ಬೆಳಕಿಗೆ ಹಿಡಿದು, ಇಲ್ಲೊಂದು ಕಡೆ 'ತಂಗಿಯ ಬಾಣಂತನಕ್ಕೆ' ಅಂತ ಬರೆದು ಹೊಡೆದುಹಾಕಿದ್ದಾರೆ ಅಕ್ಕ ಎಂದರು.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ತವರಿಗೆ ಹೋಗಿದ್ದದ್ದು ಅದಕ್ಕೇ.

"ಹಂಗಾದ್ರೆ ಅದು ನಾನೇ," ಎಂದಳು ಅವಳು ಫೋನಿನಲ್ಲಿ.

ಗೆಳೆಯ ಉಸಿರು ಬಿಟ್ಟು ಕುರ್ಚಿಗೊರಗಿದ. ಆತನ ಹೆಂಡತಿ ನಕ್ಕು, ಕಾಫಿ ಮಾಡುತ್ತೇನೆಂದು ಒಳಗೆ ಹೋದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಬರೆದದ್ದು ನನ್ನದೆಂದು ಒಬ್ಬರಾದರೂ ಒಪ್ಪಿದ್ದರು, ಅದೂ ಅವನ ಮನೆಯಲ್ಲಿ, ಅವನ ಎದುರಿಗೆ. ಹೊಗಳಿಕೆ ಇನ್ನೂ ಬರಲಿದೆಯೆಂದು ಹಿಗ್ಗಿ ಫೋನಿನತ್ತ ಬಗ್ಗಿದೆ.

"ಅಲ್ರೀ," ಎಂದಳು ಅವಳು ನಿಧಾನವಾಗಿ, "ನಾನು ಊರಲ್ಲಿಲ್ದೆ ಇದ್ದಾಗ ಆ ಎರಡನೇ ತಟ್ಟೆ ಯಾರಿಗೆ ಹಾಕಿದ್ರಿ?"